ಏಳು ಸಸಿ, ಏಳು ಹೆಸರುಗಲ್ಲು

ಮನುಷ್ಯನ ಕೈಯಿಂದ ಆದದ್ದು ಯಾವುದೂ ಕಾಲದ ಎದುರು ನಿಲ್ಲುವುದಿಲ್ಲ. ಕೋಟೆ ಬೀಳುತ್ತದೆ, ಅರಮನೆ ಮಣ್ಣಾಗುತ್ತದೆ, ಅರಸರ ಹೆಸರು ಅಳಿಸಿಹೋಗುತ್ತದೆ. ಸಾಲೆಯಲ್ಲಿ ಇತಿಹಾಸ ಹೇಳಿ ಹೊಟ್ಟೆ ಹೊರೆಯುತ್ತಿದ್ದ ನನಗೆ ಈ ಸತ್ಯ ಹೊಳೆದದ್ದು ಹಂಪಿಯ ಹಾಳು ಗೋಡೆಗಳ ನಡುವೆ ಅಲ್ಲ. ಬಳ್ಳಾರಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಮಾವಿನ ಸಸಿಗೆ ನಾನು ಕಟ್ಟಿದ್ದ ರಟ್ಟಿನ ಹೆಸರುಚೀಟಿಯನ್ನು ಪಕ್ಕದ ಮನೆಯ ಆಡು ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಾಗ.

ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳು. ಮಂದಿ ಸೀಮೆಎಣ್ಣೆ ಕೂಡಿಡುತ್ತಿದ್ದರು, ಸಕ್ಕರೆ ಕೂಡಿಡುತ್ತಿದ್ದರು. ನಾನು ಕಸಿ ಮಾವಿನ ಸಸಿ ಕೂಡಿಡುತ್ತಿದ್ದೆ. ಕೋಟೆ ಗುಡ್ಡದ ಬುಡದಲ್ಲಿದ್ದ ಆ ಹಿತ್ತಲಲ್ಲಿ ಕಲ್ಲಿಗೇ ಜಾಗ ಸಾಲುತ್ತಿರಲಿಲ್ಲ. ಆದರೂ ಬಾವಿಯಿಂದ ಬೇಲಿಯವರೆಗೆ ಒಂದು ಸಾಲಿನಲ್ಲಿ ಏಳು ಜಾತಿಯ ಏಳು ಸಸಿ ನೆಟ್ಟಿದ್ದೆ. ಬಂಗನಪಲ್ಲಿ, ನೀಲಂ, ಮಲಗೋವ ಮುಂತಾದ ಆರು ಹೆಸರಾಂತ ಮನೆತನದವು. ಸತ್ತರೆ ಇನ್ನೊಂದು ತರಬಹುದಿತ್ತು. ಏಳನೆಯದು ಸತ್ತರೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

ಅದು ಮೂಗುತಿ ಮಾವು. ಸಿರುಗುಪ್ಪದಲ್ಲಿ ನನ್ನ ಸೋದರತ್ತೆಯ ಹೊಲದ ಬದುವಿಗೆ, ಹಳೆಯ ಕಾಲುವೆಯ ಮಗ್ಗುಲಲ್ಲಿ ಅದರ ಮೂಲದ ಮರ ಇತ್ತು. ಹಣ್ಣು ಹಿಡಿಯಷ್ಟು. ಪೂರ್ತಿ ಹಣ್ಣಾದರೂ ಹಸಿರೇ. ತುದಿಗೆ ಗಿಣಿಯ ಕೊಕ್ಕು, ಕೊಕ್ಕಿನ ಎಡಕ್ಕೆ ಒಂದೇ ಒಂದು ಕೆಂಪು ಬೊಟ್ಟು, ಹೊಸ ಮದುಮಗಳ ಮೂಗುತಿಯ ಹರಳಿನ ಹಾಗೆ. ಕಾಯಿಯೆಂದು ತಿಳಿದು ಕಳ್ಳರು ಅದರ ತಂಟೆಗೆ ಬರುತ್ತಿರಲಿಲ್ಲ. ರುಚಿಯನ್ನು ನಾನು ವರ್ಣಿಸುವುದಿಲ್ಲ. ವರ್ಣಿಸಲು ಹೊರಟರೆ ಈ ಬರಹ ಮುಂದೆ ಸಾಗುವುದಿಲ್ಲ. ಅತ್ತೆಯ ಅತ್ತೆ ತಿಂದು ಎಸೆದ ಗೊರಟೆಯಿಂದ ಹುಟ್ಟಿದ ಮರವಂತೆ. ಅತ್ತೆ ಎಳೆಯ ಸೊಸೆಯಾಗಿ ಆ ಮನೆ ಹೊಕ್ಕಾಗ ಅವಳಿಗೆ ಕೆಲಸ ಹೇಳದೆ ಬರೀ ನೆರಳು ಕೊಟ್ಟದ್ದು ಅದೊಂದೇ ಎಂದು ಆಗಾಗ ಹೇಳುತ್ತಿದ್ದಳು. ಈಗ ಆ ಮನೆಯಲ್ಲಿ ಅವಳೊಬ್ಬಳೇ ಹಿರಿಯಳು. ಮರಕ್ಕೂ ವಯಸ್ಸಾಗಿತ್ತು. ಬೊಡ್ಡೆ ತಟ್ಟಿದರೆ ಮದ್ದಲೆಯ ಸದ್ದು ಬರುತ್ತಿತ್ತು.

ರಾರಾವಿಯ ತೋಟಗಾರನೊಬ್ಬನನ್ನು ಕರೆಸಿ, ಅಟ್ಟಣೆ ಕಟ್ಟಿಸಿ, ಕುಂಡದ ಸಸಿಗಳನ್ನು ಕೊಂಬೆಗೆ ಕಟ್ಟಿ ಕಸಿ ಮಾಡಿಸಿದೆವು. ಹತ್ತಿದ್ದು ಒಂದೇ ಒಂದು. ಹಳೇ ಮರ ಇರುವವರೆಗೂ ಅದರ ಜಾಗದಲ್ಲಿ ಮರಿ ನೆಡುವ ಹಾಗಿಲ್ಲ. ಅವಳ ಮನೆಯ ಅಂಗಳದಲ್ಲಿ ಎಮ್ಮೆ ಕಾಲಿಗೆ ಅದು ಉಳಿಯುವ ಹಾಗಿಲ್ಲ. ನನ್ನ ಹಿತ್ತಲಲ್ಲಿ ಸಾಕಿ ಕೊಡುತ್ತೇನೆಂದು ನಾನೇ ಎದೆ ತಟ್ಟಿಕೊಂಡೆ. ಅತ್ತೆ ಕುಂಡವನ್ನು ನನ್ನ ಕೈಗಿಟ್ಟು ಹೇಳಿದ ಮಾತು ಇದು:

“ಲೇ, ಇದು ನಂದು. ನಿನ್ನ ಕಡಿ ಇಟ್ಟಿರ್ತೀನಿ ಅಷ್ಟs. ಮರ ಬಿದ್ದ ಮ್ಯಾಲ ಬಂದು ಒಯ್ತೀನಿ. ಬ್ಯಾರೆ ಯಾವದರ ಗಿಡ ಕೊಟ್ಟು ಸಾಗಹಾಕಿದೆಪಾ ಅಂದ್ರ, ಅದು ಹಣ್ಣು ಬಿಡೋತನ ಬದುಕಿದ್ದು, ಆ ಹಣ್ಣು ನಿನ್ನ ಮಾರಿ ಮ್ಯಾಲ ಒಗದು ಸಾಯ್ತೀನಿ.”

ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಗೆ ಬಂದೆ. ಸಿರಿಗೇರಿ ಹತ್ತಿರ ಬಸ್ಸು ನಿಂತು ಎಲ್ಲರೂ ಇಳಿದು ನೂಕಿದರು. ಕೈಯಲ್ಲಿ ಜೀವವಿದೆ ಎಂದು ನಾನು ಇಳಿಯಲಿಲ್ಲ.

ಮಾವಿನ ಸಸಿಗೂ ಮಾವಿನ ಸಸಿಗೂ ಇರುವ ಹೋಲಿಕೆ ಭಯ ಹುಟ್ಟಿಸುವಂಥದು. ಎಲೆ ನೋಡಿ ಜಾತಿ ಹೇಳುವವರಿದ್ದಾರೆಂದು ಕೇಳಿದ್ದೇನೆ. ನಾನು ಕಂಡವರೆಲ್ಲ ಹಣ್ಣು ತಿಂದಮೇಲೆ ಹೇಳುವವರು. ಆದ್ದರಿಂದ ಹೆಸರುಚೀಟಿ. ಮೊದಲನೆಯ ಯುಗ ರಟ್ಟಿನದು. ಅದನ್ನು ಕೊನೆಗಾಣಿಸಿದ್ದು ಆಡು. ತಿಂದದ್ದು ಒಂದೇ ಚೀಟಿ, ನೋಡಿದ್ದು ತಕ್ಷಣವೇ, ಹಾಗಾಗಿ ಬದುಕಿಕೊಂಡೆ. ಎರಡನೆಯದು ತಗಡಿನ ಯುಗ. ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಬಣ್ಣದಲ್ಲಿ ಬರೆದೆ. ಬಳ್ಳಾರಿಯ ಬಿಸಿಲು ಯುಗಾದಿಯ ಹೊತ್ತಿಗೆ ಅಕ್ಷರಗಳನ್ನು ಹಪ್ಪಳದಂತೆ ಎಬ್ಬಿಸಿತು. ಮೂರನೆಯದು ಬೇವಿನ ಗೂಟದ ಯುಗ. ಬೇವು ಕಹಿ, ಗೆದ್ದಲು ಮುಟ್ಟುವುದಿಲ್ಲ ಎಂದು ಓದಿದ್ದೆ. ನಮ್ಮ ಹಿತ್ತಲಿನ ಗೆದ್ದಲು ಅದನ್ನು ಓದಿರಲಿಲ್ಲ.

ಆಡಿನ ಯಜಮಾನ ಪಕ್ಕದ ಮನೆಯವರು, ಕೋರ್ಟಿನಲ್ಲಿ ಅಮೀನರಾಗಿದ್ದು ನಿವೃತ್ತರಾದವರು. ಕೋರ್ಟಿನ ನೋಟೀಸುಗಳನ್ನು ಜನರ ಬಾಗಿಲಿಗೆ ಅಂಟಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಹಾಗಾಗಿ ಚೀಟಿಗಳ ವಿಷಯದಲ್ಲಿ ಅವರಿಗೆ ಅಧಿಕಾರವಾಣಿ ಇತ್ತು. ನಡುವಿನ ಮೋಟುಗೋಡೆಗೆ ಮೊಳಕೈ ಊರಿ ಅವರು ತೀರ್ಪು ಕೊಟ್ಟರು: “ಮಾಸ್ತರ್ರ, ಹಚ್ಚಿದ ಚೀಟಿ ಉಳದದ್ದು ನನ್ನ ಸರ್ವೀಸಿನಾಗ ನಾ ಒಂದೂ ನೋಡಿಲ್ಲ. ಸುಮ್ನ ಹಣ್ಣು ಬಿಟ್ಟಾಗ ನೋಡಿಕೊಂಡ್ರ ಆತು.”

ಆ ಮಾತು ನನ್ನನ್ನು ಕುರುಗೋಡಿಗೆ ಅಟ್ಟಿತು. ಅಲ್ಲಿಯ ಶಾಸನಗಳನ್ನು ತೋರಿಸಲು ಹುಡುಗರನ್ನು ಕರೆದೊಯ್ದಿದ್ದವನು ನಾನು. ಆ ಅಕ್ಷರಗಳನ್ನು ಎಷ್ಟೋ ತಲೆಮಾರಿನ ಆಡುಗಳು ನೆಕ್ಕಿದ್ದಾವು, ಎಷ್ಟೋ ಬೇಸಿಗೆ ಸುಟ್ಟಿದ್ದಾವು. ಅವು ಮಾತ್ರ ನಿನ್ನೆ ಕೆತ್ತಿದಂತೆ ಇದ್ದವು. ರಾಜರು ತಮ್ಮ ಹೆಸರು ಉಳಿಸಿಕೊಂಡ ಉಪಾಯ ಮಾವಿಗೆ ಯಾಕಾಗಬಾರದು?

ಊರ ಹೊರಗೆ ಒರಳು, ಬೀಸುಕಲ್ಲು ಕಡಿಯುತ್ತಿದ್ದ ಒಬ್ಬ ಕಲ್ಲುಕುಟಿಗನನ್ನು ಹಿಡಿದೆ. ಏಳು ಚಿಕ್ಕ ಕಲ್ಲು, ಒಂದೊಂದರ ಮೇಲೆ ಒಂದೊಂದು ಹೆಸರು ಎಂದಾಗ ಅವನು ಉಳಿ ಕೆಳಗಿಟ್ಟು, ಒಂದೇ ಮನೆಯಲ್ಲಿ ಇಷ್ಟು ಮಂದಿ ಹೇಗೆ ತೀರಿಕೊಂಡರೆಂದು ಮೆಲ್ಲಗೆ ವಿಚಾರಿಸಿದ. ಯಾರೂ ಸತ್ತಿಲ್ಲ, ಇವು ಹಣ್ಣಿನ ಹೆಸರು ಎಂದೆ. ಅವನ ಮುಖದಲ್ಲಿದ್ದ ಮರುಕ ಆಗಲೂ ಹೋಗಲಿಲ್ಲ, ಅದರ ಗುರಿ ಬದಲಾಯಿತಷ್ಟೆ. ಕಲ್ಲುಗಳು ಮೊಳಕ್ಕೆ ಕಡಿಮೆ ಎತ್ತರದವು. ಮುಖವನ್ನು ಚೊಕ್ಕವಾಗಿ ಮಾಡಿ, ಅಕ್ಷರಗಳನ್ನು ಆಳವಾಗಿ ಕೊರೆದ. ಆದರೆ ಮಣ್ಣಿನೊಳಗೆ ಹೋಗುವ ಕೆಳಭಾಗವನ್ನು ಒಡೆದು ಬಂದ ಹಾಗೇ ಬಿಟ್ಟ. ಒಂದಕ್ಕೆ ಗೂನು, ಒಂದಕ್ಕೆ ಕೋರೆ, ಒಂದು ಹಲ್ಲು ಕಿತ್ತ ದವಡೆಯ ಹಾಗೆ. ಇದು ಸೋಮಾರಿತನವೆಂದು ನಾನು ಆಕ್ಷೇಪಿಸಿದೆ. ಅವನು ತಲೆ ಎತ್ತದೆ ಹೇಳಿದ:

“ಕುಂಡಿ ಊರಿ ಕುಂತಮ್ಯಾಲ ಅದರ ಚೆಲುವು ಯಾರಿಗೆ ಕಾಣತೈತ್ರೀ?”

ವಾದಿಸಲು ಇದು ಯೋಗ್ಯವಾದ ವಿಷಯವಲ್ಲವೆಂದು ದುಡ್ಡು ಎಣಿಸಿಕೊಟ್ಟೆ. ಬಂಡಿಯಲ್ಲಿ ಕಲ್ಲು ತಂದು, ಪ್ರತಿ ಸಸಿಯ ಪಾತಿಯ ಹೊರಗೆ ಗುಂಡಿ ತೆಗೆದು, ಸುಣ್ಣದ ಗಾರೆ ಹೊಯ್ದು ನೆಟ್ಟೆ. ಗಾರೆ ಆರಿ ಬಿಗಿಯಿತು. ಸಂಜೆ ಅಮೀನರನ್ನು ಕರೆದು ತೋರಿಸಿದೆ. ಶಿಲೆ, ಶಾಸನ, ಶಾಶ್ವತ ಎಂಬ ಮೂರು ಶಬ್ದಗಳನ್ನೂ ಬಳಸಿ ಚಿಕ್ಕದೊಂದು ಭಾಷಣ ಮಾಡಿದೆ. ಅವರ ಆಡು ಬಂದು ಒಂದು ಕಲ್ಲನ್ನು ಮೂಸಿ, ಕೊಂಬಿನಿಂದ ತಿವಿದು, ಹಿಂದೆ ಸರಿಯಿತು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಬೇಕಿರಲಿಲ್ಲ. ನನ್ನ ಹೆಂಡತಿ ಮಾತ್ರ, “ಚಲೋ ಆತು ಬಿಡ್ರಿ. ಇನ್ನ ಗಿಡ ಸತ್ರೂ ಹೆಸರು ಉಳೀತೈತಿ” ಎಂದು ಒಳಗೆ ಹೋದಳು.

ಬೇಸಿಗೆ ರಜೆಗೆ ನಾವು ಅವಳ ತವರು ಹಚ್ಚೊಳ್ಳಿಗೆ ಹೋದೆವು. ನಮ್ಮ ಬಾವಿಗೆ ಓಣಿಯ ಹೆಂಗಸರೆಲ್ಲ ನೀರಿಗೆ ಬರುತ್ತಿದ್ದರು. ಸಸಿಗಳಿಗೂ ಒಂದೊಂದು ಕೊಡ ಹಾಕಿರೆಂದು ಅವರಿಗೆ ಹೇಳಿ ಹೋಗಿದ್ದೆವು.

ತಿರುಗಿ ಬಂದಾಗ ಏಳೂ ಸಸಿ ಒಂದೆಲೆ ಬಾಡದೆ ನಳನಳಿಸುತ್ತಿದ್ದವು. ಏಳೂ ಹೆಸರು ಒಂದಕ್ಷರ ಮುಕ್ಕಾಗದೆ ಇದ್ದವು. ಆದರೆ ಸಸಿಗಳು ತಮ್ಮ ಸಾಲಿನಲ್ಲೇ ಇದ್ದವು, ಹೆಸರುಗಳು ಹಿತ್ತಲ ಮೂಲೆಯ ಬೇವಿನ ಮರದ ಕೆಳಗೆ ಸಾಲಾಗಿ ಕೂತಿದ್ದವು. ಮೈತುಂಬ ಅರಿಶಿಣ, ಹಣೆಗೆ ಕುಂಕುಮ, ಮುಂದೆ ಎಣ್ಣೆಯ ದೀಪ. ಮಲಗೋವಕ್ಕೆ ಹಸಿರು ಬಳೆ ಕೂಡ ಇಟ್ಟಿದ್ದರು.

ವಿಚಾರಿಸಿದೆ. ಓಣಿಯಲ್ಲಿ ಒಂದು ಕೂಸಿಗೆ ಅಮ್ಮ, ಅಂದರೆ ಸಿಡುಬು, ಎದ್ದಿತ್ತಂತೆ. ತಾಯಿ ದಿಕ್ಕುಗಾಣದೆ ನೀರಿಗೆ ಬಂದವಳು ಏಳು ಕಲ್ಲು ನಿಂತದ್ದನ್ನು ಕಂಡು ಮೊಸರನ್ನದ ಎಡೆ ಇಟ್ಟಳು; ಕೂಸು ಎದ್ದು ಆಡಿತು. ನಮ್ಮ ಸೀಮೆಯಲ್ಲಿ ಆರು ಕಲ್ಲು ನಿಲ್ಲಿಸಿದರೆ ಕಲ್ಲು, ಎಂಟು ನಿಲ್ಲಿಸಿದರೂ ಕಲ್ಲು. ಏಳು ನಿಲ್ಲಿಸಿದರೆ ಅವರು ಏಳು ಮಂದಿ ಅಕ್ಕತಂಗಿಯರು, ಊರು ಕಾಯುವ ತಾಯಂದಿರು. ಹೈಸ್ಕೂಲಿನಲ್ಲಿ ದೇಶದ ಇತಿಹಾಸವನ್ನೆಲ್ಲ ಹೇಳುವ ನನಗೆ ಇದು ಹೊಳೆಯದೆ ಹೋಯಿತು. ತಾಯಂದಿರು ಬಿಸಿಲಲ್ಲಿ ನಿಲ್ಲಬಾರದೆಂದು ಹೆಂಗಸರು ಹಾರೆ ಹಾಕಿ ಮೀಟಿ, ಎತ್ತಿ ತಂದು ನೆರಳಿಗೆ ಕೂರಿಸಿದ್ದರು. ಅಮೀನರು ಹಾರೆ ಎರವಲು ಕೊಟ್ಟಿದ್ದರು.

ಯಾವ ಹೆಸರು ಯಾವ ಸಸಿಯದು ಎನ್ನುವುದೊಂದು ಬಿಟ್ಟು ಉಳಿದದ್ದೆಲ್ಲ ಭದ್ರವಾಗಿತ್ತು.

ಅದೇ ವಾರ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಸಿರುಗುಪ್ಪದ ಮರ ಬಿತ್ತು. ಬಸ್ಸಿನ ಡ್ರೈವರನ ಬಾಯಲ್ಲಿ ಅತ್ತೆಯ ಸುದ್ದಿ ಬಂತು: ಕುಣಿ ತೋಡಿಸಿದ್ದಾಳೆ, ನಾಳೆ ಬರುತ್ತಾಳೆ.

ಬಾವಿಯ ಕಡೆಯಿಂದ ಮೂರನೆಯದೇ ಮೂಗುತಿ ಎಂದು ನಾನು ಹೇಳಿದೆ. ಐದನೆಯದು ಎಂದಳು ಹೆಂಡತಿ. ಮೊದಲನೆಯದಿರಬೇಕು, ನಮ್ಮ ಆಡು ಅದರ ಚೀಟಿಯನ್ನೇ ಬಹಳ ಪ್ರೀತಿಯಿಂದ ತಿಂದಿತ್ತು ಎಂದರು ಅಮೀನರು. ಮರುದಿನ ಬೆಳಿಗ್ಗೆ, ಶಿಕ್ಷೆಗೆ ಕಾದವನಂತೆ ನಾನು ಆ ಸಾಲಿನುದ್ದಕ್ಕೂ ಓಡಾಡುತ್ತಿದ್ದೆ. ಕಲ್ಲು ಕಿತ್ತ ಒಂದು ಗುಂಡಿಗೆ ಕಾಲು ಹೋಯಿತು, ಪಾದ ಉಳುಕಿತು. ಕೂತು, ಗಾರೆ ಕಲಸಿದವನಿಗೆ, ಅಂದರೆ ನನಗೇ, ಶಾಪ ಹಾಕುತ್ತ ಗುಂಡಿಯೊಳಗೆ ಕೈಯಾಡಿಸಿದೆ. ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು, ಅದರ ಒಂದು ಮಗ್ಗುಲಲ್ಲಿ ಗೂನಿನ ಆಕಾರದ ತಗ್ಗು. ಪಕ್ಕದ ಗುಂಡಿಗೆ ತೆವಳಿದೆ. ಅಲ್ಲಿ ಕೋರೆಯ ಅಚ್ಚು.

ಕುರುಗೋಡಿನವನು ನಯ ಮಾಡದೆ ಬಿಟ್ಟ ಏಳು ಕುಂಡಿಗಳೂ ಗಾರೆಯಲ್ಲಿ ತಮ್ಮ ತಮ್ಮ ಗುರುತು ಬಿಟ್ಟು ಹೋಗಿದ್ದವು. ಬೀಗ ಇಲ್ಲಿತ್ತು, ಕೀಲಿಗಳು ಬೇವಿನ ಕೆಳಗೆ ಪೂಜೆಗೆ ಕೂತಿದ್ದವು.

ಕೀಲಿ ತರಲು ಹೋದರೆ ಹೆಂಗಸರು ಅಡ್ಡ ನಿಂತರು. ಅವರ ಮುಖಂಡಳು ಕೂಸಿನ ಅಜ್ಜಿ. ಕೂರಿಸಿದ ತಾಯಂದಿರನ್ನು ಎಬ್ಬಿಸುವುದು ಉಂಟೇ, ಓಣಿಗೆ ಮತ್ತೆ ಬೇನೆ ಬಂದರೆ ಮಾಸ್ತರರು ಹೊಣೆಯೇ ಎಂದು ಕೇಳಿದಳು. ನಾನು ಗಾರೆಯ ಗುಣವನ್ನು ವಿವರಿಸಿದೆ. ಆಕೆ ಬೇನೆಯ ಗುಣವನ್ನು ವಿವರಿಸಿದಳು. ಈ ವಿದ್ವತ್ಸಭೆ ನಡೆದಿರುವಾಗಲೇ ಸಿರುಗುಪ್ಪದ ಬಸ್ಸಿಳಿದು ಅತ್ತೆ ಬಂದಳು.

ಬಾವಿಕಟ್ಟೆಯ ಮೇಲೆ ಕೂತು, ನೀರು ಕುಡಿದು, ಇಬ್ಬರ ಮಾತನ್ನೂ ಪೂರ್ತಿ ಕೇಳಿದಳು. ಅವಳ ಮರ ಆ ಏಳರಲ್ಲಿ ಎಲ್ಲೋ ಇದೆ, ಯಾವುದೆಂದು ನನಗೆ ಗೊತ್ತಿಲ್ಲ ಎನ್ನುವುದೂ ಅವಳಿಗೆ ತಿಳಿಯಿತು. ನನ್ನ ಕಡೆ ನೋಡಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ಆ ಅಜ್ಜಿಗೆ ಹೇಳಿದಳು:

“ಯವ್ವಾ, ಹೆಣಮಕ್ಕಳು ಏಳು ಮಂದಿನ್ನ ಒಂದs ಕಡಿ ಕುಂದ್ರಿಸಿರಲ್ಲ, ಜಗಳ ಹತ್ತೂದಿಲ್ಲೇನು? ನಾವು ನೆಗೆಣ್ಣೇರು, ಒಂದs ಮನಿ ಸೊಸೆದೇರು, ನಾಕು ಮಂದಿ ಒಂದs ಒಲಿ ಮುಂದ ಇದ್ವಿ, ನನಗ ಗೊತ್ತೈತಿ. ಒಬ್ಬೊಬ್ಬಾಕಿಗೆ ಒಂದೊಂದು ಗಿಡ ಕೊಡ್ರಿ. ದೊಡ್ಡವಾದ್ರ ನೆಳ್ಳಿಗೆ ನೆಳ್ಳೂ ಆತು, ಆಕಿ ಮನಿ ಆಕಿಗೆ ಆತು.”

ಅಲ್ಲಿ ನೆರೆದವರೆಲ್ಲ ಒಬ್ಬರಲ್ಲ ಒಬ್ಬರ ಮನೆಯ ಸೊಸೆಯರು. ಕೂಸಿನ ಅಜ್ಜಿ, ಹಾಗಾದರೆ ಮರ್ಯಾದೆಯಿಂದ ಕರೆದೊಯ್ಯಬೇಕು ಎಂದಳು.

ಮರ್ಯಾದೆಯಿಂದಲೇ ಕರೆದೊಯ್ದೆವು. ಮುಂದೆ ಒಬ್ಬಳು ಆರತಿ ತಟ್ಟೆ ಹಿಡಿದಳು, ಇನ್ನೊಬ್ಬಳು ಗಂಟೆ ಬಾರಿಸಿದಳು. ಹಿಂದೆ ಇತಿಹಾಸದ ಮಾಸ್ತರನು ಉಳುಕಿದ ಕಾಲೆಳೆಯುತ್ತ, ಅರಿಶಿಣ ಮೆತ್ತಿದ ಮೂಗುತಿಯನ್ನು ಎದೆಗವಚಿಕೊಂಡು ನಡೆದನು. ಮೊದಲು ನನ್ನ ಮೂರನೆಯ ಗುಂಡಿ. ಕಲ್ಲು ಅಂಚಿನಲ್ಲೇ ಕೂತು ಅಲುಗಾಡಿತು. ತಿರುಗಿಸಿ ಇಟ್ಟೆ, ಮತ್ತೂ ಅಲುಗಾಡಿತು. ಗೋಡೆಯ ಮೇಲಿನಿಂದ ಅಮೀನರು, “ಮಾಸ್ತರ್ರ, ತಾಯಿ ಒಲ್ಲೆ ಅಂತಾಳ” ಎಂದರು. ಅವರ ಮೊದಲನೆಯ ಗುಂಡಿಗೂ ಒಯ್ದೆ. ತಾಯಿ ಅದನ್ನೂ ಒಲ್ಲೆ ಎಂದಳು. ಗೋಡೆಯ ಮೇಲಿನ ಮಾತು ನಿಂತಿತು.

ಹೆಂಡತಿಯ ಐದನೆಯ ಗುಂಡಿಗೆ ಇಳಿಸಿದೆ. ಅರ್ಧ ಇಳಿದು ನಿಂತುಬಿಟ್ಟಿತು. ಅತ್ತೆ ಬಾವಿಕಟ್ಟೆಯಿಂದ ಎದ್ದು ಬಂದು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗುಂಡಿಯನ್ನೇ ನೋಡುತ್ತ ನಿಂತಳು. ನಾನು ಕಲ್ಲನ್ನು ಎತ್ತಿ ಮುಂದಿನ ಗುಂಡಿಗೆ ಒಯ್ಯುವವನಿದ್ದೆ. ಹೆಂಡತಿ ತಡೆದಳು. ಅಡುಗೆಮನೆಯಿಂದ ಸೌಟು ತಂದು, ಮಂಡಿಯೂರಿ, ಗುಂಡಿಯ ತಳಕ್ಕೆ ಬಿದ್ದಿದ್ದ ಒಣ ಎಲೆ, ಹೆಂಟೆ, ಇರುವೆಗೂಡು ಎಲ್ಲವನ್ನೂ ತೋಡಿ ಹಾಕಿದಳು. ಸೀರೆಯ ಸೆರಗಿನಿಂದ ಒಳಮೈ ಒರೆಸಿದಳು.

“ಈಗ ಬಿಡ್ರಿ.”

ಬಿಟ್ಟೆ. ಬಾಣಲೆಗೆ ಮುಚ್ಚಳ ಕೂತ ಸದ್ದಾಯಿತು. ಅಲುಗಿಸಿ ನೋಡಿದೆ, ಅಲುಗಲಿಲ್ಲ. ಅಮೀನರು ಗೋಡೆ ಹಾರಿ ಬಂದು ತಾವೂ ಅಲುಗಿಸಿ ನೋಡಿದರು, ಅಲುಗಲಿಲ್ಲ.

ಆಮೇಲೆ ಆದದ್ದು ಬರೀ ದಿಗ್ವಿಜಯ. ಸೌಟು ಮುಂದೆ, ಕಲ್ಲು ಹಿಂದೆ. ನೀಲಂ ಎರಡನೆಯದಕ್ಕೆ ಇಳಿಯಿತು, ಗೂನು ಗೂನಿಗೆ ಕೂತಿತು. ಬಂಗನಪಲ್ಲಿ ತನ್ನ ಕೋರೆಯನ್ನು ತಾನೇ ಹುಡುಕಿಕೊಂಡಿತು. ಒಂದೊಂದು ಕೂತಾಗಲೂ ಹೆಂಗಸರು ಗಂಟೆ ಬಾರಿಸಿದರು. ಮಲಗೋವ ಕೊನೆಯದಾಗಿ, ಉಳಿದಿದ್ದ ಒಂದೇ ಗುಂಡಿಗೆ, ಬಳೆ ಸಮೇತ ಇಳಿದಾಗ ಹಿಂದಿನ ಆರಕ್ಕೂ ಸಾಕ್ಷಿ ಹೇಳಿದಂತಾಯಿತು. ಒಂದು ತಪ್ಪಿದ್ದರೂ ಅದು ಇಳಿಯುತ್ತಿರಲಿಲ್ಲ. ಅಮೀನರು ರುಮಾಲು ಸರಿಮಾಡಿಕೊಂಡು, ತಮ್ಮ ಸರ್ವೀಸಿನಲ್ಲಿ ಇಂಥ ಜಾರಿ ಕಂಡಿಲ್ಲವೆಂದು ಒಪ್ಪಿದರು. ಕುರುಗೋಡಿನ ಸೋಮಾರಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ.

ಅತ್ತೆ ಐದನೆಯ ಸಸಿಯ ಒಂದೆಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ ಮೂಸಿದಳು. ಎಲೆಯನ್ನು ಎಸೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಗೋಣಿತಾಟು ಸುತ್ತಿದೆವು. ಮೂಗುತಿಯ ಕಲ್ಲನ್ನೂ ಕಿತ್ತಾಗ ಹೆಂಗಸರಲ್ಲಿ ಮತ್ತೆ ಗುಸುಗುಸು ಎದ್ದಿತು. ಏಳು ಮಂದಿಯಲ್ಲಿ ಒಬ್ಬಳು ಹೋದರೆ ಹೇಗೆ? ಅತ್ತೆ ಬಸ್ಸಿನ ಹೊತ್ತನ್ನು ಲೆಕ್ಕ ಹಾಕುತ್ತಲೇ ಉತ್ತರ ಕೊಟ್ಟಳು.

“ಆಕಿ ಎಲ್ಲಿಗಿ ಹೊಂಟಾಳ? ತವರಿಗಿ ಹೊಂಟಾಳ. ಹಂಗs ಬರಿಗೈಲೆ ಕಳಸ್ತೀರೇನು, ಉಡಿ ತುಂಬ್ರಿ.”

ಅದಕ್ಕೆ ಮೇಲ್ಮನವಿ ಇರಲಿಲ್ಲ. ಓಣಿಯ ಮುತ್ತೈದೆಯರು ಮಾವಿನ ಸಸಿಗೆ ಕುಬಸದ ಖಣ ಸುತ್ತಿ, ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು ಹಾಕಿ ಉಡಿ ತುಂಬಿದರು. ಕೂಸಿನ ಅಜ್ಜಿ ಕಣ್ಣೊರೆಸಿಕೊಂಡಳು. ಖಾಲಿಯಾದ ಐದನೆಯ ಗುಂಡಿಗೆ ಅತ್ತೆ ಮಾತು ಕೊಟ್ಟಂತೆ ಮುಂದೆ ಸಿರುಗುಪ್ಪದ ಹೊಳೆಯಿಂದ ಒಂದು ಗುಂಡುಕಲ್ಲು ಕಳಿಸಿದಳು, ಏಳು ಏಳೇ ಆಗಿ ಉಳಿಯಿತು. ನಾನು ಅದಕ್ಕೆ ಹೆಸರು ಕೆತ್ತಿಸಲಿಲ್ಲ.

ಅಂದಿನಿಂದ ಇಡೀ ಮದರಾಸು ಪ್ರಾಂತ್ಯದಲ್ಲಿ ನನ್ನಷ್ಟು ಭದ್ರವಾದ ಹೆಸರುಚೀಟಿ ಯಾವ ತೋಟದವನಿಗೂ ಇರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಯಾರೂ ಅವನ್ನು ಸರಿಸುವಂತಿರಲಿಲ್ಲ, ಮನೆಯ ಮಾಲೀಕ ಕೂಡ. ದಿನಾ ಸುರಿದ ಎಣ್ಣೆ ಅಕ್ಷರದ ತಗ್ಗಿಗೆ ಇಳಿದು ಕಪ್ಪಾಗಿ, ಹೆಸರುಗಳು ಬಾವಿಕಟ್ಟೆಯಿಂದಲೇ ಓದಲು ಬರುತ್ತಿದ್ದವು. ತಾಯಂದಿರಿಗೆ ಎರೆದ ನೀರು ಗಿಡದ ಪಾತಿಗೆ ಹರಿಯುತ್ತಿತ್ತು. ಆಡನ್ನು ಕಟ್ಟಿಹಾಕಬೇಕೆಂದು ಓಣಿಯ ಹೆಂಗಸರೇ ಅಮೀನರಿಗೆ ತಾಕೀತು ಮಾಡಿದರು; ಈ ಸಲದ ನೋಟೀಸನ್ನು ಅವರು ಎರಡು ಮಾತಿಲ್ಲದೆ ಒಪ್ಪಿಕೊಂಡರು.

ಸಿರುಗುಪ್ಪದಲ್ಲಿ ಅತ್ತೆ ಕಲ್ಲನ್ನು ನಿಲ್ಲಿಸಲಿಲ್ಲ, ಹೆಸರು ಮೇಲಾಗಿ ಮಲಗಿಸಿದಳು. ನಿಂತ ಕಲ್ಲಿಗೆ ಮಂದಿ ಸೇರುತ್ತಾರೆ, ಮಲಗಿದ ಕಲ್ಲಿನ ಮೇಲೆ ತಾನು ಕೂಡಬಹುದು ಎಂಬುದು ಅವಳ ಸಿದ್ಧಾಂತ. ದೇಶ ಸ್ವತಂತ್ರವಾಯಿತು. ಬಳ್ಳಾರಿಗೇ ಯಾವ ರಾಜ್ಯದ ಚೀಟಿ ಹಚ್ಚಬೇಕೆಂದು ದೊಡ್ಡದೊಡ್ಡವರು ತಲೆ ಕೆಡಿಸಿಕೊಳ್ಳಲು ಶುರುಮಾಡಿದರು. ನಮ್ಮ ಓಣಿಯ ಹೆಂಗಸರನ್ನು ಯಾರೂ ಕೇಳಲಿಲ್ಲ. ಆ ಗದ್ದಲದ ನಡುವಿನ ಒಂದು ಬೇಸಿಗೆಯಲ್ಲಿ, ಕೂಡಲೇ ಹೊರಟು ಬರಬೇಕೆಂದು ಅತ್ತೆ ಹೇಳಿಕಳಿಸಿದಳು. ಯಾಕೆಂದು ಹೇಳಿರಲಿಲ್ಲ. ಮುಖಕ್ಕೆ ಹಣ್ಣು ಬೀಳುವ ಸಂಭವವನ್ನು ನೆನೆದು ನಾನು ಹೆಂಡತಿಯನ್ನು ಮುಂದೆ ಬಿಟ್ಟು ಹೊಲ ಹೊಕ್ಕೆ.

ಅತ್ತೆ ಮಲಗಿದ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬುಟ್ಟಿ ಇತ್ತು. ಮೊದಲ ಹಣ್ಣನ್ನು ನನ್ನ ಹೆಂಡತಿಗೆ ಕೊಟ್ಟಳು, ಎರಡನೆಯದನ್ನು ತಾನು ಇಟ್ಟುಕೊಂಡಳು, ಮೂರನೆಯದನ್ನು ನನ್ನ ಕಡೆಗೆ ಎಸೆದಳು. ಹಿಡಿದುಕೊಂಡೆ. ಹಸಿರಾಗಿತ್ತು, ಕೊಕ್ಕಿನ ಎಡಕ್ಕೆ ಒಂದು ಕೆಂಪು ಬೊಟ್ಟಿತ್ತು.